ನಾಲ್ಕು ದಿನದ ವಿದೇಶ ಪ್ರವಾಸ: ಸಂಗಾತಿ, ಗೆಳೆಯರು, ಊಟ, ಚರ್ಚು – ಪದೇ ಪದೇ ಕೇಳುವ ಪ್ರಶ್ನೆಗಳು

ನಾನೂ ನನ್ನ ಹೆಂಡತಿಯೂ ವರ್ಷಕ್ಕೆ ಒಂದೆರಡು ಸಲ ಹೀಗೆ ಹೊರಡುತ್ತೇವೆ. ಮೂರು ದಿನ, ಜಾಸ್ತಿ ಅಂದರೆ ಐದು. ಹೋಗುವ ಊರಿನಲ್ಲಿ ಗೆಳೆಯರು ಯಾರಾದರೂ ಇರುತ್ತಾರೆ, ಇಲ್ಲದಿದ್ದರೆ ಗೆಳೆಯರ ಗೆಳೆಯರು. ಅವಳಿಗೆ ಚರ್ಚು ಅಂದರೆ ಪ್ರಾಣ, ನನಗೆ ಊಟ. ವಾಪಸ್ ಬಂದ ಮೇಲೆ ಕೇಳುವವರೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ, ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಬರೀ ನಾಲ್ಕು ದಿನಕ್ಕೆ ಅಷ್ಟು ದೂರ ಹೋಗುವುದು ದುಡ್ಡು ದಂಡ ಅಲ್ವಾ?

ಊರು ನೋಡಿ ಮುಗಿಸಬೇಕು ಅಂತ ಹೊರಟರೆ ಹೌದು, ದಂಡವೇ. ರೋಮ್ ನಾಲ್ಕು ದಿನದಲ್ಲಿ ಮುಗಿಯುವುದಿಲ್ಲ, ನಾಲ್ಕು ತಿಂಗಳಲ್ಲೂ ಮುಗಿಯುವುದಿಲ್ಲ. ಆದರೆ ಗೆಳತಿಯ ಅಡುಗೆಮನೆಯಲ್ಲಿ ಎರಡು ಸಂಜೆ ಕೂತು ಹರಟುವುದಕ್ಕೆ, ದಿನಕ್ಕೊಂದು ಚರ್ಚಿನಲ್ಲಿ ಒಂದು ಗಂಟೆ ಕಳೆಯುವುದಕ್ಕೆ, ಮಧ್ಯಾಹ್ನ ಅವಸರವಿಲ್ಲದೆ ಉಣ್ಣುವುದಕ್ಕೆ ನಾಲ್ಕು ದಿನ ಧಾರಾಳ. ನಮಗಂತೂ ಎರಡು ವಾರದ ಪ್ರವಾಸಗಳಿಗಿಂತ ಈ ಸಣ್ಣ ಪ್ರವಾಸಗಳೇ ಚೆನ್ನಾಗಿ ನೆನಪಿವೆ.

ಒಂದು ಟ್ರಿಪ್ಪಿಗೆ ಎಷ್ಟು ಊರು ಸೇರಿಸಬಹುದು?

ಒಂದು. ತೀರಾ ಆಸೆಯಾದರೆ ಪಕ್ಕದ ಊರಿಗೆ ಅರ್ಧ ದಿನ ಹೋಗಿಬನ್ನಿ. ಬ್ರಸೆಲ್ಸ್‌ನಿಂದ ಗೆಂಟ್ ರೈಲಿನಲ್ಲಿ ಅರ್ಧ ಗಂಟೆ, ವೆನಿಸ್‌ನಿಂದ ಪಾಡುವಾ ಕೂಡ ಸುಮಾರು ಅಷ್ಟೇ, ಜಾರ್ಜಿಯಾದ ಟಿಬಿಲಿಸಿಯಿಂದ ಮ್ತ್‌ಸ್ಖೇತಾ 20 ಕಿಲೋಮೀಟರ್. ಅದಕ್ಕಿಂತ ದೂರ ಬೇಡ.

ಇದನ್ನು ನಾವು ಕಷ್ಟಪಟ್ಟು ಕಲಿತೆವು. ಮೊದಮೊದಲ ಪ್ರವಾಸವೊಂದರಲ್ಲಿ ಐದು ದಿನಕ್ಕೆ ಮೂರು ಊರು ಇಟ್ಟುಕೊಂಡಿದ್ದೆವು. ಮೂರನೇ ಊರಿನಲ್ಲಿ ಗೆಳೆಯ ಸಂಜೆ ಏಳಕ್ಕೆ ಊಟಕ್ಕೆ ಕರೆದಿದ್ದ. ರೈಲು ತಪ್ಪಿ, ಮುಂದಿನದು ತಡವಾಗಿ, ನಾವು ಬಾಗಿಲು ತಟ್ಟಿದಾಗ ರಾತ್ರಿ ಹನ್ನೊಂದು. ಮೇಜಿನ ಮೇಲೆ ಆರು ತಟ್ಟೆ ಇಟ್ಟಿದ್ದ. ಎರಡರಲ್ಲಿ ಮಕ್ಕಳು ಉಂಡು ಮಲಗಿದ್ದರು, ಉಳಿದ ನಾಲ್ಕು ಹಾಗೇ ಇದ್ದವು, ಅವನೂ ಅವನ ಹೆಂಡತಿಯೂ ಉಣ್ಣದೆ ಕಾದಿದ್ದರು. ಬೆಳಿಗ್ಗೆ ಆರಕ್ಕೆ ನಮ್ಮ ವಿಮಾನ. ಆ ಮಕ್ಕಳನ್ನು ನಾವು ನೋಡಲೇ ಇಲ್ಲ. ಆಮೇಲಿಂದ ಒಂದೇ ಊರು.

ಗೆಳೆಯರ ಮನೆಯಲ್ಲಿ ಉಳಿಯುವುದೋ, ಹೋಟೆಲ್ ಮಾಡುವುದೋ?

ಅವರ ಮನೆಯಲ್ಲಿ ನಿಮಗೆ ಬಾಗಿಲಿರುವ ಒಂದು ಕೋಣೆ ಇದ್ದರೆ, ಅವರೇ ಕರೆದಿದ್ದರೆ, ಎರಡು ರಾತ್ರಿ ಉಳಿಯಿರಿ. ಮೂರನೇ ರಾತ್ರಿಗೆ ಹತ್ತಿರದಲ್ಲೇ ಒಂದು ರೂಮ್ ಮಾಡಿ. ಎಷ್ಟೇ ಪ್ರೀತಿ ಇದ್ದರೂ ಕೆಲಸಕ್ಕೆ ಹೋಗುವವರಿಗೆ ವಾರದ ನಡುವೆ ನೆಂಟರನ್ನು ಸುಧಾರಿಸುವುದು ಸುಲಭ ಅಲ್ಲ. ನಿಮಗೂ ನಿಮ್ಮ ಸಂಗಾತಿಗೂ ಒಂದು ರಾತ್ರಿಯಾದರೂ ದನಿ ತಗ್ಗಿಸದೆ ಮಾತಾಡುವ ಜಾಗ ಬೇಕು.

ಹಾಲ್‌ನ ಸೋಫಾದಲ್ಲಿ ಮಲಗಿಸುತ್ತಾರೆ ಅಂತಾದರೆ ಮೊದಲೇ ರೂಮ್ ಮಾಡಿಬಿಡಿ. ಅದನ್ನು ಹೇಳುವಾಗ ಸಂಕೋಚ ಬೇಡ. "ಮಲಗುವುದು ಅಲ್ಲಿ, ಬೆಳಿಗ್ಗೆ ಕಾಫಿಗೆ ನಿಮ್ಮ ಮನೆಗೇ ಬರುತ್ತೇವೆ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅವರಿಗೆ ಏನು ತಗೊಂಡು ಹೋಗಬೇಕು?

ನಿಮ್ಮ ಕಡೆಯ, ಅಲ್ಲಿ ಸಿಗದ ಒಂದು ಪದಾರ್ಥ. ಒಂದು ಎಚ್ಚರಿಕೆ: ಯೂರೋಪಿಯನ್ ಒಕ್ಕೂಟದ ಹೊರಗಿನಿಂದ ಹೋಗುವವರು ಮಾಂಸ, ಹಾಲು, ಚೀಸ್‌ನಂಥವನ್ನು ಲಗೇಜಿನಲ್ಲಿ ಒಯ್ಯುವ ಹಾಗಿಲ್ಲ, ಕಸ್ಟಮ್ಸ್‌ನಲ್ಲಿ ತೆಗೆದುಬಿಡುತ್ತಾರೆ. ಟೀ ಪುಡಿ, ಮಸಾಲೆ ಪುಡಿ, ಚಾಕೊಲೇಟ್ ತೊಂದರೆ ಇಲ್ಲ.

ಹೂವು ಒಯ್ಯುವುದು ಚೆಂದ, ಆದರೆ ಹೂವಿಗೂ ಅಲ್ಲಲ್ಲಿ ಅರ್ಥ ಇದೆ. ಇಟಲಿ, ಫ್ರಾನ್ಸ್‌ಗಳಲ್ಲಿ ಸೇವಂತಿಗೆ ಸಮಾಧಿಗೆ ಇಡುವ ಹೂವು, ಮನೆಗೆ ಒಯ್ಯಬೇಡಿ. ಪೋಲೆಂಡ್, ಜಾರ್ಜಿಯಾ ಕಡೆ ಸಂತೋಷಕ್ಕೆ ಬೆಸ ಸಂಖ್ಯೆಯ ಹೂವು, ಸಾವಿಗೆ ಸಮ ಸಂಖ್ಯೆ. ಹೂವಿನಂಗಡಿಯಲ್ಲಿ "ಊಟಕ್ಕೆ ಕರೆದಿದ್ದಾರೆ" ಅಂದರೆ ಸಾಕು, ಅವರೇ ಸರಿಯಾಗಿ ಕಟ್ಟಿಕೊಡುತ್ತಾರೆ.

ಗೆಳೆಯರು ನನ್ನ ಸಂಗಾತಿಯವರು. ನನಗೆ ಯಾರೂ ಗೊತ್ತಿಲ್ಲ. ಏನು ಮಾಡಲಿ?

ಅಡುಗೆಮನೆಗೆ ಹೋಗಿ. ನಿಜವಾಗಿ ಹೇಳುತ್ತಿದ್ದೇನೆ. ಹಳೆ ಗೆಳೆಯರು ಸೇರಿದಾಗ ಮೊದಲ ಎರಡು ಗಂಟೆ ಅವರ ಹಳೆ ಕಥೆಗಳೇ ನಡೆಯುತ್ತವೆ, ಅದರಲ್ಲಿ ನಿಮಗೆ ಪಾತ್ರ ಇರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಈರುಳ್ಳಿ ಹೆಚ್ಚಿ, ತಟ್ಟೆ ಜೋಡಿಸಿ, ನಾಯಿ ಇದ್ದರೆ ಮನೆಯವರ ಜೊತೆ ಅದನ್ನು ಸುತ್ತಾಡಿಸಲು ಹೋಗಿ. ಕೈಗೆ ಕೆಲಸ ಸಿಕ್ಕರೆ ಮಾತು ತಾನಾಗಿ ಬರುತ್ತದೆ. ಲಿಸ್ಬನ್‌ನಲ್ಲಿ ನನ್ನ ಹೆಂಡತಿಯ ಗೆಳತಿಯ ತಾಯಿಯ ಜೊತೆ ನಾನು ಒಂದು ಸಂಜೆ ಪೂರ್ತಿ ಬೆಳ್ಳುಳ್ಳಿ ಸುಲಿದೆ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಪೋರ್ಚುಗೀಸ್ ಬಾರದು. ಸುಲಿದ ಎಸಳನ್ನು ಅವರು ಎತ್ತಿ ನೋಡಿ, ಬುಡದ ಗಟ್ಟಿ ತುಂಡು ತೆಗೆದಿಲ್ಲ ಅಂತ ಕೈಸನ್ನೆಯಲ್ಲೇ ತೋರಿಸಿ, ಮತ್ತೆ ಕೊಟ್ಟರು. ಊಟಕ್ಕೆ ಕೂತಾಗ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು.

ಹಳೆ ಗೆಳೆಯರ ಜೊತೆ ಕೂತಿರುವ ಸಂಗಾತಿಗೆ ಒಂದು ಮಾತು: ಅರ್ಧ ಗಂಟೆಗೊಮ್ಮೆಯಾದರೂ ಎಲ್ಲರಿಗೂ ಬರುವ ಭಾಷೆಗೆ ಬನ್ನಿ.

ನಾವು ಕ್ರೈಸ್ತರಲ್ಲ. ಚರ್ಚಿನ ಒಳಗೆ ಹೋಗಬಹುದಾ?

ಖಂಡಿತ ಹೋಗಬಹುದು. ಯಾರೂ ನೀವು ಯಾರು ಅಂತ ಕೇಳುವುದಿಲ್ಲ. ಬಲಿಪೂಜೆ, ಅಂದರೆ ಚರ್ಚಿನ ಮಾಸ್, ನಡೆಯುತ್ತಿದ್ದರೆ ಸುತ್ತಾಡದೆ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಎಲ್ಲರೂ ಎದ್ದಾಗ ಎದ್ದರೆ ಸಾಕು. ಪರಮಪ್ರಸಾದಕ್ಕೆ, ಅಂದರೆ ಪೂಜೆಯ ರೊಟ್ಟಿ ತಗೊಳ್ಳಲು, ಜನ ಸಾಲಾಗಿ ಹೋಗುವಾಗ ನೀವು ಹೋಗಬೇಡಿ, ಅದು ದೀಕ್ಷೆ ಪಡೆದ ಕ್ರೈಸ್ತರಿಗೆ. ಕೂತಲ್ಲೇ ಕೂತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ನನ್ನ ಹೆಂಡತಿಯೂ ಕ್ರೈಸ್ತಳಲ್ಲ. ಅವಳು ಯಾವ ಊರಿಗೆ ಹೋದರೂ ಮೊದಲು ಹುಡುಕುವುದು ಆ ಊರಿನವರು ದಿನವೂ ಬಂದು ಕೂರುವ ಜಾಗ ಯಾವುದು ಅಂತ. ಬಹಳಷ್ಟು ಕಡೆ ಅದು ಚರ್ಚು. ಮಾರುಕಟ್ಟೆಯ ಚೀಲ ಪಕ್ಕದಲ್ಲಿಟ್ಟುಕೊಂಡು ಐದು ನಿಮಿಷ ಕೂತು ಎದ್ದು ಹೋಗುವ ಅಜ್ಜಿಯರನ್ನು ನೋಡಿದರೆ ಆ ಊರಿನ ಬಗ್ಗೆ ಎಷ್ಟೋ ಗೊತ್ತಾಗುತ್ತದೆ.

ಬಟ್ಟೆ ಹೇಗಿರಬೇಕು?

ಭುಜ, ಮೊಣಕಾಲು ಮುಚ್ಚಿರಲಿ, ಗಂಡಸರದ್ದೂ ಸೇರಿ. ವ್ಯಾಟಿಕನ್‌ನ ಸಂತ ಪೀಟರ್ ಬೆಸಿಲಿಕಾದಲ್ಲಿ ಬಾಗಿಲಲ್ಲೇ ತಡೆಯುತ್ತಾರೆ, ಎಷ್ಟು ಹೊತ್ತು ಸಾಲಿನಲ್ಲಿ ನಿಂತಿದ್ದಿರಿ ಅಂತ ನೋಡುವುದಿಲ್ಲ. ಬ್ಯಾಗಿನಲ್ಲಿ ಒಂದು ತೆಳುವಾದ ಶಾಲು ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಭುಜಕ್ಕೆ, ಆರ್ಥೊಡಾಕ್ಸ್ (ಗ್ರೀಸ್, ಜಾರ್ಜಿಯಾ ಕಡೆಯ ಕ್ರೈಸ್ತ ಪಂಗಡ) ಚರ್ಚಿನಲ್ಲಿ ತಲೆಗೆ, ವಿಮಾನದಲ್ಲಿ ಚಳಿಗೆ, ಎಲ್ಲಕ್ಕೂ ಆಗುತ್ತದೆ.

ಚರ್ಚಿಗೆ ಯಾವ ಹೊತ್ತಿಗೆ ಹೋಗಬೇಕು?

ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಇಲ್ಲವೇ ಸಂಜೆ ಐದರ ಮೇಲೆ. ಇಟಲಿಯಲ್ಲಿ ಎಷ್ಟೋ ಚರ್ಚುಗಳು ಮಧ್ಯಾಹ್ನ ಹನ್ನೆರಡು, ಹನ್ನೆರಡೂವರೆಗೆ ಮುಚ್ಚಿ ಮೂರು-ನಾಲ್ಕು ಗಂಟೆಗೆ ತೆರೆಯುತ್ತವೆ. ಆ ಹೊತ್ತನ್ನು ಊಟಕ್ಕೆ ಇಟ್ಟುಕೊಂಡರೆ ಅವಳ ಲೆಕ್ಕವೂ ಸರಿಹೋಗುತ್ತದೆ, ನನ್ನದೂ. ಭಾನುವಾರ ಬೆಳಿಗ್ಗೆ ಬರೀ ನೋಡಲು ಹೋಗಬೇಡಿ, ಬಲಿಪೂಜೆಗೆ ಕೂರುವ ಮನಸ್ಸಿದ್ದರೆ ಮಾತ್ರ ಹೋಗಿ.

ರೋಮ್‌ನಲ್ಲಿ ಪಿಯಾತ್ಸಾ ನವೋನಾ ಹತ್ತಿರ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಅಂತ ಒಂದು ಚರ್ಚು. ಒಳಗೆ ಎಡಗಡೆಯ ಕೊನೆಯ ಸಣ್ಣ ಗುಡಿಯಲ್ಲಿ ಕರವಾಜ್ಜೋ ಬರೆದ ಸಂತ ಮತ್ತಾಯನ ಮೂರು ಚಿತ್ರಗಳಿವೆ. ಟಿಕೆಟ್ ಇಲ್ಲ. ಆದರೆ ಆ ಗುಡಿ ಕತ್ತಲು, ಪಕ್ಕದ ಪೆಟ್ಟಿಗೆಗೆ ನಾಣ್ಯ ಹಾಕಿದರೆ ಸ್ವಲ್ಪ ಹೊತ್ತು ದೀಪ ಹತ್ತುತ್ತದೆ. ನಾವು ಹೋದಾಗ ಹತ್ತು-ಹನ್ನೆರಡು ಜನ ಕತ್ತಲಲ್ಲಿ ಸುಮ್ನೆ ನಿಂತಿದ್ದರು, ಯಾರಾದರೂ ಹಾಕಲಿ ಅಂತ. ಅವಳು ಒಂದು ನಾಣ್ಯ ಹಾಕಿದಳು. ಠಕ್ ಅಂತ ಸದ್ದಾಯಿತು, ಗೋಡೆ ಬೆಳಗಿತು. ಎಡಗಡೆಯ ಚಿತ್ರದಲ್ಲಿ ಮೇಜಿನ ಸುತ್ತ ಸುಂಕ ವಸೂಲಿಯವರು ಕೂತು ನಾಣ್ಯ ಎಣಿಸುತ್ತಿದ್ದಾರೆ, ಬಲಗಡೆಯಿಂದ ಕ್ರಿಸ್ತ ಕೈ ಚಾಚಿ ಕರೆಯುತ್ತಿದ್ದಾನೆ, ಒಬ್ಬ ಹುಡುಗ ಇನ್ನೂ ತಲೆ ಎತ್ತದೆ ನಾಣ್ಯವನ್ನೇ ನೋಡುತ್ತಿದ್ದಾನೆ. ಅವನ ಬೆರಳುಗಳನ್ನು ನೋಡುತ್ತಿದ್ದ ಹಾಗೇ ದೀಪ ಆರಿತು. ಹಿಂದೆ ನಿಂತಿದ್ದ ಒಬ್ಬ ವಯಸ್ಸಾದವರು ಏನೂ ಹೇಳದೆ ಮುಂದೆ ಬಂದು ಇನ್ನೊಂದು ನಾಣ್ಯ ಹಾಕಿದರು.

ಟಿಕೆಟ್ ಬೇಕಾ?

ಊರಿನ ಸಾಮಾನ್ಯ ಚರ್ಚುಗಳಿಗೆ ಬೇಡ. ದೊಡ್ಡ ಹೆಸರಿನವುಗಳಲ್ಲಿ ಒಂದೊಂದಕ್ಕೆ ಒಂದೊಂದು ನಿಯಮ. ಪ್ಯಾರಿಸ್‌ನ ನೋತ್ರ್ ದಾಮ್ 2019ರ ಏಪ್ರಿಲ್ ಬೆಂಕಿಯ ನಂತರ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು, ಪ್ರವೇಶ ಉಚಿತ. ರೋಮ್‌ನ ಪ್ಯಾಂಥಿಯನ್ 609ರಿಂದ ಚರ್ಚಾಗಿದೆ, ಆದರೂ 2023ರ ಜುಲೈಯಿಂದ ಪ್ರವಾಸಿಗರಿಗೆ ಟಿಕೆಟ್ ಇದೆ. ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾಗೆ ಆನ್‌ಲೈನ್‌ನಲ್ಲಿ ದಿನ, ಗಂಟೆ ನೋಡಿ ಮುಂಚೆಯೇ ತಗೊಳ್ಳಬೇಕು, ಬಾಗಿಲಿಗೆ ಹೋಗಿ ನಿಂತರೆ ಪ್ರಯೋಜನ ಇಲ್ಲ. ಪಾಡುವಾದ ಸ್ಕ್ರೋವೆಞಿ ಚಾಪೆಲ್ ಇನ್ನೂ ಕಟ್ಟುನಿಟ್ಟು: ಮೊದಲೇ ಬುಕ್ ಮಾಡಿರಬೇಕು, ಒಳಗಿನ ಗಾಳಿ ಕೆಡದಿರಲಿ ಅಂತ ಕಾಲು ಗಂಟೆ ಹೊರಗಿನ ಗಾಜಿನ ಕೋಣೆಯಲ್ಲಿ ಕೂರಿಸುತ್ತಾರೆ, ಆಮೇಲೆ ಒಳಗೆ ಕಾಲು ಗಂಟೆ. ಚಿತ್ರಕಾರ ಜೊತ್ತೋ 1305ರ ಹೊತ್ತಿಗೆ ಮುಗಿಸಿದ ಆ ನೀಲಿ ಛಾವಣಿಗೆ ಕಾಲು ಗಂಟೆ ಯಾವ ಮೂಲೆಗೂ ಸಾಲದು, ಆದರೂ ಹೋಗಿ.

ಲಂಡನ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆ, ಸಂತ ಪಾಲ್ ಕೆಥೆಡ್ರಲ್ ನೋಡುವ ಟಿಕೆಟ್ ದುಬಾರಿ. ಸಂಜೆಯ ಪ್ರಾರ್ಥನೆ, ಅಂದರೆ ಈವನ್‌ಸಾಂಗ್, ಯಾರು ಬೇಕಾದರೂ ಬಂದು ಕೂರಬಹುದು, ದುಡ್ಡಿಲ್ಲ. ಕ್ವಯರ್ ಹಾಡುತ್ತದೆ, ನೀವು ಕೇಳುತ್ತೀರಿ, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಟಿಕೆಟ್ ಉಳಿಸಲು ಹೋಗಿ ಅಂತ ಹೇಳುತ್ತಿಲ್ಲ, ಆ ಕಟ್ಟಡ ಯಾತಕ್ಕೆ ಕಟ್ಟಿದ್ದು ಅನ್ನುವುದು ಆ ಹಾಡಿನಲ್ಲೇ ಗೊತ್ತಾಗುತ್ತದೆ.

ನನಗೆ ಎಲ್ಲ ಚರ್ಚೂ ಒಂದೇ ಥರ ಕಾಣುತ್ತವೆ. ಸಂಗಾತಿ ಬಿಡುವುದಿಲ್ಲ. ಏನು ಮಾಡುವುದು?

ದಿನಕ್ಕೆ ಒಂದೇ ನೋಡಿ. ನಾಲ್ಕು ನೋಡಿದರೆ ಯಾರಿಗಾದರೂ ಒಂದೇ ಥರ ಕಾಣುತ್ತವೆ. ಆ ಒಂದನ್ನು ಬೇರೆ ಬೇರೆ ಬಗೆಯದಾಗಿ ಆರಿಸಿ.

ರೋಮ್‌ನ ಸಾನ್ ಕ್ಲೆಮೆಂತೆಯಲ್ಲಿ ಮೆಟ್ಟಿಲು ಇಳಿಯುತ್ತಾ ಹೋದ ಹಾಗೆ ಕಾಲ ಹಿಂದಕ್ಕೆ ಹೋಗುತ್ತದೆ. ಮೇಲೆ 12ನೇ ಶತಮಾನದ ಚರ್ಚು, ಅದರ ಕೆಳಗೆ 4ನೇ ಶತಮಾನದ್ದು, ಅದಕ್ಕೂ ಕೆಳಗೆ ರೋಮನ್ ಕಾಲದ ಮಿತ್ರ ಅನ್ನುವ ದೇವರ ಗುಡಿ ಮತ್ತು ರೋಮನ್ ಮನೆಗಳ ಗೋಡೆ. ತಳದಲ್ಲಿ ನೀರು ಹರಿಯುವ ಸದ್ದು ಕೇಳಿಸುತ್ತದೆ. ಹೆಲ್ಸಿಂಕಿಯ ತೆಂಪೆಲಿಯಾವುಕಿಯೊ ಚರ್ಚನ್ನು ಬಂಡೆ ಕೊರೆದೇ ಮಾಡಿದ್ದಾರೆ, 1969ರದ್ದು, ಒಳಗೆ ಗೋಡೆ ಅಂದರೆ ಒರಟು ಕಲ್ಲೇ. ಕ್ರಾಕೋವ್‌ನ ಸಂತ ಮರಿಯ ಚರ್ಚಿನ ಗೋಪುರದಿಂದ ಗಂಟೆಗೊಮ್ಮೆ ಒಬ್ಬರು ತುತ್ತೂರಿ ಊದುತ್ತಾರೆ, ರಾಗ ನಡುವೆಯೇ ಥಟ್ಟನೆ ನಿಲ್ಲುತ್ತದೆ. ಮಂಗೋಲರ ದಾಳಿಯ ಸುದ್ದಿ ಕೊಡುತ್ತಿದ್ದವನ ಗಂಟಲಿಗೆ ಬಾಣ ಬಿದ್ದ ನೆನಪಿಗೆ ಅಂತ ಅಲ್ಲಿ ಕಥೆ ಹೇಳುತ್ತಾರೆ. ಗೆಂಟ್‌ನ ಸಂತ ಬಾವೋ ಕೆಥೆಡ್ರಲ್‌ನಲ್ಲಿ ವಾನ್ ಐಕ್ ಸಹೋದರರ 1432ರ ಚಿತ್ರಫಲಕಗಳಿವೆ, ಅದರಲ್ಲಿ ಒಂದನ್ನು 1934ರಲ್ಲಿ ಕದ್ದರು, ಇವತ್ತಿಗೂ ಸಿಕ್ಕಿಲ್ಲ, ಆ ಜಾಗದಲ್ಲಿ ನಕಲು ಇದೆ.

ನನ್ನ ಮನಸ್ಸು ಬದಲಿಸಿದ್ದು ಲಿಸ್ಬನ್‌ನ ಸಾವ್ ದೊಮಿಂಗೊಸ್. ರೊಸ್ಸಿಯು ಚೌಕದ ಪಕ್ಕದಲ್ಲೇ ಇದೆ, ಹೊರಗಿನಿಂದ ಏನೂ ವಿಶೇಷ ಇಲ್ಲ. 1755ರ ಭೂಕಂಪದಲ್ಲಿ ಬಿದ್ದು, ಮತ್ತೆ ಕಟ್ಟಿ, 1959ರಲ್ಲಿ ಒಳಗೆಲ್ಲ ಸುಟ್ಟುಹೋಯಿತು. ಛಾವಣಿ ಹೊಸದಾಗಿ ಹಾಕಿದರು, ಕಂಬಗಳನ್ನು ಮಾತ್ರ ಹಾಗೇ ಬಿಟ್ಟರು. ಬೆಂಕಿಯ ಕಾವಿಗೆ ಸೀಳಿ, ಚಕ್ಕೆ ಎದ್ದು, ಕೆಲವು ಕಡೆ ಅರ್ಧ ದಪ್ಪವೇ ಉಳಿದ ಕಂಬಗಳು. ಅವುಗಳ ನಡುವೆ ಜನ ಕೂತು ಜಪಮಾಲೆ ಎಣಿಸುತ್ತಿದ್ದರು. ನಾನು ಒಂದು ಕಂಬದ ಮೇಲೆ ಕೈ ಇಟ್ಟೆ. ಅವತ್ತಿನಿಂದ ಚರ್ಚಿಗೆ ಹೋಗೋಣ ಅಂದರೆ ನಾನು ಗೊಣಗುವುದಿಲ್ಲ.

ಆರ್ಥೊಡಾಕ್ಸ್ ಚರ್ಚು ಬೇರೆ ಥರವಾ?

ಹೌದು, ಸ್ವಲ್ಪ ತಯಾರಾಗಿ ಹೋಗಿ. ಜಾರ್ಜಿಯಾದಲ್ಲಿ ಹೆಂಗಸರು ತಲೆಗೆ ಬಟ್ಟೆ ಹಾಕಿಕೊಳ್ಳುತ್ತಾರೆ, ಬಾಗಿಲ ಬಳಿ ಬುಟ್ಟಿಯಲ್ಲಿ ಎಷ್ಟೋ ಕಡೆ ಇಟ್ಟಿರುತ್ತಾರೆ. ಗಂಡಸರು ಟೋಪಿ ತೆಗೆಯಬೇಕು, ಚಡ್ಡಿ ಬೇಡ. ಬೆಂಚುಗಳು ಇರುವುದೇ ಕಡಿಮೆ, ಜನ ನಿಂತೇ ಪ್ರಾರ್ಥನೆ ಮಾಡುತ್ತಾರೆ. ಮುಂದೆ ಐಕಾನ್‌ಗಳ, ಅಂದರೆ ಸಂತರ ಚಿತ್ರಗಳ, ಗೋಡೆ ಇರುತ್ತದೆ, ಅದರ ಹಿಂದೆ ನಾವು ಹೋಗುವ ಹಾಗಿಲ್ಲ.

ಟಿಬಿಲಿಸಿಯ ಗೆಳೆಯರು ನಮ್ಮನ್ನು ಮ್ತ್‌ಸ್ಖೇತಾಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿನ ಸ್ವೇತಿತ್ಸ್‌ಖೋವೆಲಿ ಕೆಥೆಡ್ರಲ್ 11ನೇ ಶತಮಾನದ್ದು. ಎದುರಿನ ಗುಡ್ಡದ ಮೇಲೆ ಜ್ವಾರಿ ಚರ್ಚು, ಅಲ್ಲಿಂದ ಕೆಳಗೆ ನೋಡಿದರೆ ಎರಡು ನದಿ ಸೇರುವುದು ಕಾಣುತ್ತದೆ, ಎರಡರ ನೀರಿನ ಬಣ್ಣವೂ ಬೇರೆ. ಗೆಳೆಯನ ಅಮ್ಮ ಒಳಗೆ ಹೋದವರು ಒಂದೊಂದು ಐಕಾನ್ ಮುಂದೆಯೂ ನಿಂತು ಹೆಸರು ಹೇಳಿ ಮೇಣದಬತ್ತಿ ಹಚ್ಚಿದರು. ಕೊನೆಯ ಎರಡು ಹೆಸರು ನಮ್ಮವು.

ಊಟದ ಹೊತ್ತು ಹೇಗೆ ಹೊಂದಿಸಿಕೊಳ್ಳುವುದು?

ಆ ಊರಿನವರು ಉಣ್ಣುವ ಹೊತ್ತಿಗೇ ಉಣ್ಣಿ, ಬೇರೆ ಉಪಾಯ ಇಲ್ಲ. ಸ್ಪೇನ್‌ನಲ್ಲಿ ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯದು ಒಂಬತ್ತರ ಮೇಲೆ. ಇಟಲಿಯಲ್ಲಿ ಮಧ್ಯಾಹ್ನ ಎರಡೂವರೆಗೆ ಅಡುಗೆಮನೆ ಮುಚ್ಚುತ್ತದೆ, ಮತ್ತೆ ತೆರೆಯುವುದು ಏಳು, ಏಳೂವರೆಗೆ. ಸಂಜೆ ಐದಕ್ಕೆ ಫೋಟೋ ಹಾಕಿದ ಮೆನು ಹಿಡಿದು ಬೀದಿಯಲ್ಲೇ ಕರೆಯುವ ಜಾಗಗಳು ಪ್ರವಾಸಿಗರಿಗೆ ಅಂತಲೇ ಇರುವಂಥವು, ಅಲ್ಲಿ ಒಳ್ಳೆ ಊಟ ಸಿಕ್ಕಿದ್ದು ನನಗೆ ನೆನಪಿಲ್ಲ.

ದಿನದ ದೊಡ್ಡ ಊಟ ಮಧ್ಯಾಹ್ನವೇ ಇರಲಿ. ಸ್ಪೇನ್‌ನಲ್ಲಿ ವಾರದ ದಿನಗಳಲ್ಲಿ ಮೆನು ದೆಲ್ ದಿಯಾ ಕೇಳಿ, ಎರಡು ಬಗೆ, ಬ್ರೆಡ್ಡು, ಕುಡಿಯಲು, ಕೊನೆಗೆ ಸಿಹಿ ಅಥವಾ ಕಾಫಿ, ಎಲ್ಲ ಒಂದೇ ಬೆಲೆಗೆ. ಪೋಲೆಂಡ್‌ನಲ್ಲಿ ಬಾರ್ ಮ್ಲೆಚ್ನಿ ಅಂತ ಇವೆ, ಅಂದರೆ ಹಾಲಿನ ಬಾರು. ಟ್ರೇ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಪಿಯೆರೋಗಿ ಅನ್ನುವ ಕಡುಬು, ಸೂಪು, ಬೀಟ್‌ರೂಟ್ ಪಲ್ಯ ಎಲ್ಲ ಅಗ್ಗ. ಪಕ್ಕದಲ್ಲಿ ವಿದ್ಯಾರ್ಥಿಗಳೂ ಅಜ್ಜಂದಿರೂ ಕೂತಿರುತ್ತಾರೆ.

ಜಾರ್ಜಿಯಾದಲ್ಲಿ ಗೆಳೆಯರು ಸುಪ್ರಾ ಅನ್ನುವ ಔತಣಕ್ಕೆ ಕರೆದರೆ ಅವತ್ತು ಬೇರೆ ಏನೂ ಇಟ್ಟುಕೊಳ್ಳಬೇಡಿ. ತಮಾದಾ ಅಂತ ಒಬ್ಬರು ಊಟವನ್ನು ನಡೆಸುತ್ತಾರೆ, ಒಂದೊಂದು ಮಾತು ಹೇಳಿ ಗ್ಲಾಸು ಎತ್ತುತ್ತಾರೆ. ಸತ್ತವರಿಗೆ, ಮಕ್ಕಳಿಗೆ, ಬಂದ ಅತಿಥಿಗಳಿಗೆ, ಹೀಗೆ. ಅವರ ಮಾತು ಮುಗಿಯುವ ಮುಂಚೆ ಕುಡಿಯಬಾರದು. ಖಿಂಕಾಲಿ ಅನ್ನುವ ರಸಭರಿತ ಕಡುಬು ಬಂದರೆ ಮೇಲಿನ ಗಂಟು ಹಿಡಿದು ಎತ್ತಿ, ಬದಿಯಲ್ಲಿ ಸಣ್ಣದಾಗಿ ಕಚ್ಚಿ ಮೊದಲು ಒಳಗಿನ ರಸ ಹೀರಿ, ಆಮೇಲೆ ತಿನ್ನಿ. ಗಂಟನ್ನು ತಟ್ಟೆಯಲ್ಲೇ ಬಿಡುವುದು ರೂಢಿ. ಎಷ್ಟು ತಿಂದಿರಿ ಅಂತ ಅದನ್ನು ಎಣಿಸಿಯೇ ಹೇಳುತ್ತಾರೆ.

ಬಿಲ್ಲಿನಲ್ಲಿ ಗೊತ್ತಿಲ್ಲದ ದುಡ್ಡು ಸೇರಿಸಿದ್ದರೆ?

ಬಹಳ ಸಲ ಅದು ಮೋಸ ಆಗಿರುವುದಿಲ್ಲ. ಇಟಲಿಯಲ್ಲಿ ಕೊಪೆರ್ತೊ ಅಂತ ತಲಾ ಒಂದೆರಡು ಯೂರೋ ಹಾಕುತ್ತಾರೆ, ಮೆನುವಿನಲ್ಲಿ ಬರೆದಿರುತ್ತದೆ. ಪೋರ್ಚುಗಲ್‌ನಲ್ಲಿ ಕೂತ ತಕ್ಷಣ ಬ್ರೆಡ್ಡು, ಆಲಿವ್, ಚೀಸ್ ತಂದಿಡುತ್ತಾರೆ, ಮುಟ್ಟಿದರೆ ದುಡ್ಡು, ಬೇಡ ಅಂದರೆ ವಾಪಸ್ ಒಯ್ಯುತ್ತಾರೆ. ಫ್ರಾನ್ಸ್‌ನಲ್ಲಿ ನಲ್ಲಿ ನೀರಿನ ಹೂಜಿ ಕೇಳಿದರೆ ಉಚಿತ. ಇಟಲಿಯಲ್ಲಿ ನಿಂತು ಕುಡಿದ ಕಾಫಿ ಅಗ್ಗ, ಕೂತರೆ ಜಾಸ್ತಿ. ಗೆಳೆಯರು ಜೊತೆಗಿದ್ದರೆ ಟಿಪ್ಸ್ ಎಷ್ಟು ಅಂತ ಅವರನ್ನೇ ಕೇಳಿ. ಒಂದು ಊಟದ ಬಿಲ್ಲಾದರೂ ಅವರು ಕೈ ಹಾಕುವ ಮುಂಚೆ ನೀವು ಕೊಡಿ.

ನಾವು ಸಸ್ಯಾಹಾರಿಗಳು. ಉಪವಾಸ ಇರಬೇಕಾಗುತ್ತಾ?

ಇಲ್ಲ, ಆದರೆ ಕೇಳುವ ರೀತಿ ಗೊತ್ತಿರಬೇಕು. "ವೆಜಿಟೇರಿಯನ್" ಅಂದರೆ ಎಷ್ಟೋ ಕಡೆ ಮಾಂಸದ ತುಂಡು ಇಲ್ಲ ಅಂತ ಅಷ್ಟೇ ಅರ್ಥ. ಸೂಪಿಗೆ ಮೂಳೆಯ ಸಾರು ಇರಬಹುದು, ಹುರಿಯಲು ಹಂದಿ ಕೊಬ್ಬು, ಸಾಸಿನಲ್ಲಿ ಸಣ್ಣ ಮೀನು. ಇಟಲಿಯ ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಒಂದೊಂದನ್ನೂ ಹೆಸರು ಹಿಡಿದು ಕೇಳಿ.

ಆರ್ಥೊಡಾಕ್ಸ್ ನಾಡುಗಳಲ್ಲಿ ಒಂದು ಒಳ್ಳೆ ದಾರಿ ಇದೆ. ಅಲ್ಲಿ ಭಕ್ತರು ಬುಧವಾರ, ಶುಕ್ರವಾರ, ಮತ್ತೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ. ಆ ವ್ರತದ ಅಡುಗೆಗೆ ಹೆಸರೇ ಇದೆ: ಜಾರ್ಜಿಯಾದಲ್ಲಿ ಸಮರ್ಖ್ವೊ, ಗ್ರೀಸ್‌ನಲ್ಲಿ ನಿಸ್ಟಿಸಿಮಾ. ಅದನ್ನು ಕೇಳಿದರೆ ಅಡುಗೆಯವರಿಗೆ ತಕ್ಷಣ ಅರ್ಥವಾಗುತ್ತದೆ. ಜಾರ್ಜಿಯಾದಲ್ಲಿ ಹುರುಳಿಕಾಯಿ ಬೀಜದ ಲೋಬಿಯೊ, ಆಕ್ರೋಟು ಅರೆದು ಹಚ್ಚಿದ ಬದನೆಕಾಯಿ, ಸೊಪ್ಪಿನ ಪ್ಖಾಲಿ ಬರುತ್ತವೆ. ಗ್ರೀಸ್‌ನಲ್ಲಿ ಮಾತ್ರ ಜೋಪಾನ, ಸಿಗಡಿ, ಆಕ್ಟೋಪಸ್ ವ್ರತಕ್ಕೆ ನಡೆಯುತ್ತವೆ.

ಚರ್ಚು, ಊಟ ಎರಡನ್ನೂ ಯಾಕೆ ಒಟ್ಟಿಗೆ ಹೇಳುತ್ತೀರಿ?

ಒಂದೇ ಪಂಚಾಂಗ ಅಲ್ವಾ, ಅದಕ್ಕೆ. ಯಾವಾಗ ಏನು ತಿನ್ನಬೇಕು, ಏನು ಬಿಡಬೇಕು ಅಂತ ನೂರಾರು ವರ್ಷ ಹೇಳಿದ್ದು ಚರ್ಚಿನ ಗಂಟೆಯೇ. ಜರ್ಮನಿಯ ಡ್ರೆಸ್ಡನ್‌ನಲ್ಲಿ ಕ್ರಿಸ್‌ಮಸ್‌ಗೆ ಮಾಡುವ ಸ್ಟೋಲನ್ ಬ್ರೆಡ್ಡನ್ನು ತಗೊಳ್ಳಿ. ಕ್ರಿಸ್‌ಮಸ್‌ಗೆ ಮುಂಚಿನ ವಾರಗಳು ಉಪವಾಸದ ಕಾಲ, ಬೆಣ್ಣೆ ನಿಷಿದ್ಧ, ಎಣ್ಣೆಯಲ್ಲಿ ಮಾಡಿದರೆ ರುಚಿ ಇಲ್ಲ. ಕೊನೆಗೆ 1491ರಲ್ಲಿ ಪೋಪ್ ಎಂಟನೇ ಇನೊಸೆಂಟ್ ಬೆಣ್ಣೆ ಬಳಸಲು ಅನುಮತಿ ಕೊಟ್ಟು ಪತ್ರ ಬರೆದರು. ಬೆಣ್ಣೆ ಪತ್ರ ಅಂತಲೇ ಅದಕ್ಕೆ ಹೆಸರು.

ಪೋರ್ಚುಗಲ್‌ನ ಸಿಹಿಗಳಲ್ಲಿ ಇಷ್ಟೊಂದು ಮೊಟ್ಟೆಯ ಹಳದಿ ಯಾಕೆ ಅಂತ ಕೇಳಿದರೆ ಅಲ್ಲಿ ಹೇಳುವುದು ಮಠಗಳ ಕಥೆ: ಬಿಳಿ ಭಾಗವನ್ನು ಬಟ್ಟೆಗೆ ಗಂಜಿ ಹಾಕಲು ಬಳಸುತ್ತಿದ್ದರು, ಹಳದಿ ಉಳಿಯುತ್ತಿತ್ತು, ಅದು ಸಕ್ಕರೆ ಪಾಕಕ್ಕೆ ಹೋಯಿತು. 1834ರಲ್ಲಿ ಮಠಗಳನ್ನು ಮುಚ್ಚಿಸಿದರು. ಲಿಸ್ಬನ್‌ನ ಬೆಲೆಂನಲ್ಲಿ ಜೆರೋನಿಮೊಸ್ ಮಠದ ಹತ್ತಿರವೇ 1837ರಿಂದ ಆ ಕಸ್ಟರ್ಡ್ ಸಿಹಿ ಮಾರುತ್ತಾ ಬಂದಿದ್ದಾರೆ. ಬೆಳಿಗ್ಗೆ ಮಠ ನೋಡಿ, ಆಮೇಲೆ ಬಿಸಿ ಬಿಸಿ ಎರಡು ತಿನ್ನಿ, ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು. ಲಂಡನ್‌ನಲ್ಲಾದರೆ ಟ್ರಫಾಲ್ಗರ್ ಚೌಕದ ಸಂತ ಮಾರ್ಟಿನ್ ಚರ್ಚಿನ ನೆಲಮಾಳಿಗೆಯಲ್ಲೇ ಒಂದು ಕೆಫೆ ಇದೆ, ಕಾಲಡಿಯಲ್ಲಿ ಹಳೆ ಸಮಾಧಿ ಕಲ್ಲುಗಳು.

ಗೆಳೆಯರ ಮನೆಯಲ್ಲಿ "ಈ ಅಡುಗೆ ಯಾವ ಹಬ್ಬಕ್ಕೆ ಮಾಡುತ್ತೀರಿ?" ಅಂತ ಒಂದು ಪ್ರಶ್ನೆ ಕೇಳಿ ನೋಡಿ. ಯಾವ ಗೈಡೂ ಹೇಳದ ವಿಷಯ ಅಡುಗೆಮನೆಯಲ್ಲಿ ಸಿಗುತ್ತದೆ.

ಪ್ರವಾಸದಲ್ಲಿ ನಾವಿಬ್ಬರೂ ಜಗಳ ಆಡುತ್ತೇವೆ. ನೀವು ಆಡುವುದಿಲ್ಲವಾ?

ಆಡುತ್ತಿದ್ದೆವು. ಮೂರನೇ ದಿನ ಮಧ್ಯಾಹ್ನ, ಹೊಟ್ಟೆ ಹಸಿದಾಗ, ದಾರಿ ತಪ್ಪಿದಾಗ. ಈಗ ಎರಡು ಕೆಲಸ ಮಾಡುತ್ತೇವೆ. ಬ್ಯಾಗಿನಲ್ಲಿ ಯಾವಾಗಲೂ ತಿನ್ನಲು ಏನಾದರೂ ಇರುತ್ತದೆ. ಮತ್ತೆ ಪ್ರತಿ ಪ್ರವಾಸದಲ್ಲೂ ಅರ್ಧ ದಿನ ಬೇರೆ ಬೇರೆ ಇರುತ್ತೇವೆ: ಅವಳು ಇನ್ನೊಂದು ಚರ್ಚಿಗೆ, ನಾನು ಮಾರುಕಟ್ಟೆಗೆ. ಸಂಜೆ ಸೇರಿದಾಗ ಹೇಳಿಕೊಳ್ಳಲು ಇಬ್ಬರಿಗೂ ಏನಾದರೂ ಇರುತ್ತದೆ. ಸಂಗಾತಿಯನ್ನು ಬಿಟ್ಟು ಸುತ್ತಾಡುವುದು ತಪ್ಪು ಅಂತ ಅನ್ನಿಸಬಹುದು. ನಮಗೆ ಆ ಅರ್ಧ ದಿನವೇ ಉಳಿದ ದಿನಗಳನ್ನು ಕಾಪಾಡಿದೆ.

ವೀಸಾ, ಇನ್ಶೂರೆನ್ಸ್, ವಿಮಾನ ತಡ?

ವೀಸಾ ನಿಮ್ಮ ಪಾಸ್‌ಪೋರ್ಟ್ ಮೇಲೆ ಹೋಗುತ್ತದೆ. ಯೂರೋಪಿನ ಷೆಂಗೆನ್ ನಾಡುಗಳಲ್ಲಿ (ಒಂದೇ ವೀಸಾ ನಡೆಯುವ ದೇಶಗಳು) ಸಣ್ಣ ಭೇಟಿಗೆ ಯಾವುದೇ 180 ದಿನದಲ್ಲಿ 90 ದಿನದ ಮಿತಿ, ಎಲ್ಲ ದೇಶ ಸೇರಿಸಿ ಲೆಕ್ಕ. ವಾಪಸ್ ಹೊರಡುವ ದಿನದ ನಂತರವೂ ಪಾಸ್‌ಪೋರ್ಟ್‌ಗೆ ಮೂರು ತಿಂಗಳು ಬಾಕಿ ಇರಬೇಕು. ವೀಸಾ ಬೇಕಾದವರಿಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕೇ ಬೇಕು. ಗೆಳೆಯರ ಮನೆಯಲ್ಲಿ ಉಳಿಯುವುದಾದರೆ ಅವರಿಂದ ಆಹ್ವಾನ ಪತ್ರ ಕೇಳುತ್ತಾರೆ, ಕೆಲವು ದೇಶಗಳಲ್ಲಿ ಅದಕ್ಕೆ ಅವರೇ ಸ್ಥಳೀಯ ಕಚೇರಿಗೆ ಹೋಗಬೇಕು, ಹಾಗಾಗಿ ತಿಂಗಳುಗಟ್ಟಲೆ ಮುಂಚೆ ಹೇಳಿ.

ಯೂರೋಪಿಯನ್ ಒಕ್ಕೂಟದೊಳಗಿನಿಂದ ಹೊರಡುವ 1,500 ಕಿಲೋಮೀಟರ್ ಒಳಗಿನ ವಿಮಾನ ಮೂರು ಗಂಟೆಗಿಂತ ತಡವಾಗಿ ತಲುಪಿದರೆ, ಹವಾಮಾನದಂಥ ಕಾರಣ ಇಲ್ಲದಿದ್ದರೆ, 250 ಯೂರೋ ಪರಿಹಾರ ಕೇಳಬಹುದು. ಬೋರ್ಡಿಂಗ್ ಪಾಸ್ ಬಿಸಾಡಬೇಡಿ.

ಒಳಗೆ ಫೋಟೋ ತೆಗೆಯಬಹುದಾ?

ಹೆಚ್ಚಿನ ಕಡೆ ಫ್ಲ್ಯಾಷ್ ಇಲ್ಲದೆ ತೆಗೆಯಬಹುದು. ಸಿಸ್ಟೀನ್ ಚಾಪೆಲ್‌ನಲ್ಲಿ ಪೂರ್ತಿ ನಿಷೇಧ. ಪ್ರಾರ್ಥನೆ ಮಾಡುತ್ತಿರುವವರ ಮುಖ ಮಾತ್ರ ಎಲ್ಲೂ ತೆಗೆಯಬೇಡಿ.

ಮೇಣದಬತ್ತಿ ಹಚ್ಚಬಹುದಾ?

ಹಚ್ಚಬಹುದು, ಯಾರು ಬೇಕಾದರೂ. ಪೆಟ್ಟಿಗೆಗೆ ನಾಣ್ಯ ಹಾಕಿ, ಬತ್ತಿ ತಗೊಂಡು, ಈಗಾಗಲೇ ಉರಿಯುತ್ತಿರುವ ಇನ್ನೊಬ್ಬರ ಬತ್ತಿಯಿಂದ ಹಚ್ಚಿಕೊಳ್ಳಿ. ಗ್ರೀಸ್ ಕಡೆ ಮರಳು ತುಂಬಿದ ತಟ್ಟೆ ಇರುತ್ತದೆ, ಅದರಲ್ಲಿ ನೆಡಬೇಕು. ಕೆಲವು ಇಟಾಲಿಯನ್ ಚರ್ಚುಗಳಲ್ಲಿ ಈಗ ನಾಣ್ಯ ಹಾಕಿದರೆ ಹತ್ತುವ ವಿದ್ಯುತ್ ಬತ್ತಿ ಬಂದಿದೆ, ನನ್ನ ಹೆಂಡತಿಗೆ ಅದು ಸುತರಾಂ ಇಷ್ಟ ಇಲ್ಲ, ಆದರೂ ಹಾಕುತ್ತಾಳೆ. ಅದಕ್ಕೇ ಹೊರಡುವ ದಿನ ಕಾಫಿಗೆ ಕಾರ್ಡ್ ಕೊಡುತ್ತೇವೆ, ಚಿಲ್ಲರೆ ಅವಳ ಜೇಬಿನಲ್ಲೇ ಉಳಿಯುತ್ತದೆ.